ಏಡಿಗೆ ಗಾಳಿ ಬೀಸಿದವರು

ಲುಸಿಯಾನ ಅತ್ತೆ ಬಂದು ಕೇಳಿದ್ದು ಒಂದು ಟೇಬಲ್ ಫ್ಯಾನು, ಅಷ್ಟೇ.

“ಇನೋಕೆ, ಕೆರೆಕೆರೆ ಕಣಪ್ಪ. ಮೊಮ್ಮಗೂಗೆ ಮೈತುಂಬ ಬೆವರುಗುಳ್ಳೆ ಎದ್ದಿದೆ. ನಿನ್ ಫ್ಯಾನ್ ಕೊಡು. ಸಂಜೆ ನೀನು ಎಲ್ಲಿದ್ರೂ ತಂದ್ಕೊಡ್ತೀನಿ.”

ಬಂಧುವೊಬ್ಬರು ಕೆರೆಕೆರೆ ಎಂದು ಕೇಳಿದ ಮೇಲೆ ಇಲ್ಲವೆನ್ನುವ ಪದ್ಧತಿ ಫೀಜಿಯ ಸುವಾ ನಗರದ ರೈವಂಗ ಬಡಾವಣೆಯಲ್ಲಿ ಇಲ್ಲ. ಬಂಧುವಲ್ಲದವರೂ ಅಲ್ಲಿ ಇಲ್ಲ. ಇನೋಕೆಯ ಚಪ್ಪಲಿ ಹೀಗೇ ಒಮ್ಮೆ ಮನೆ ಬಿಟ್ಟು, ಬೀದಿಯ ಎಲ್ಲ ಕಾಲುಗಳ ಪರಿಚಯ ಮಾಡಿಕೊಂಡು, ಕೊನೆಗೆ ಬೇರೆ ಬಣ್ಣದಲ್ಲಿ ವಾಪಸ್ ಬಂದಿತ್ತು. ಆದರೆ ಅವನೂ ಅತ್ತೆಯ ಹಿತ್ತಲಿನ ಮರಗೆಣಸು ತಿಂದೇ ಬೆಳೆದವನು. ವೈರು ಸುತ್ತಿ ಫ್ಯಾನು ಕೊಟ್ಟ.

ಆ ಫ್ಯಾನು ಬೆಳಗಿನಿಂದ ಅವನ ಕಂಪ್ಯೂಟರಿಗೆ ಗಾಳಿ ಹಾಕುತ್ತಿತ್ತು.

ಹಳೆಯ ಕಂಪ್ಯೂಟರು. ಪಕ್ಕದ ತಗಡು ಬಿಚ್ಚಿ, ಆಪರೇಷನ್ ಟೇಬಲ್ ಮೇಲಿನ ರೋಗಿಯ ಹಾಗೆ ಹೊಟ್ಟೆ ತೆರೆದಿಟ್ಟಿದ್ದ. ಒಳಗೆ ಒಂದು ಏಡಿ ರಸ್ತೆ ದಾಟುತ್ತಿತ್ತು.

ಇನೋಕೆ ಓದುತ್ತಿದ್ದದ್ದು ಕಂಪ್ಯೂಟರಿನಲ್ಲಿ ಗೊಂಬೆ ಸಿನಿಮಾ ಮಾಡುವ ಕೋರ್ಸು. ಕೊನೆಯ ಪರೀಕ್ಷೆಯೆಂದರೆ ಮೂವರು ಸೇರಿ ಮೂರು ನಿಮಿಷದ ಒಂದು ಚಿತ್ರ ಮಾಡುವುದು. ಅವರ ಚಿತ್ರದಲ್ಲಿ ಶಂಖ ಕಳೆದುಕೊಂಡ ಏಡಿಯೊಂದು ಹೊಸ ಮನೆ ಹುಡುಕಿಕೊಂಡು ಊರಿಗೆ ಬರುತ್ತದೆ. ತಂಡದ ಮುಖ್ಯಸ್ಥೆ ಅಶ್ನೀತಾ ಸಮುದ್ರ ಮಾಡಿದ್ದಳು. ಪ್ರನೀಲ್ ಎಲ್ಲ ಜೋಡಿಸಿ ಸದ್ದು ಕೂಡಿಸುತ್ತಿದ್ದ. ಬಸ್ಸು ಲಾರಿಗಳ ನಡುವೆ ಏಡಿ ರಸ್ತೆ ದಾಟುವ ದೃಶ್ಯ ಇನೋಕೆಯದು. ಅದಕ್ಕಾಗಿ ಅವನು ತಿಂಗಳುಗಟ್ಟಲೆ ಅಂಗಳದಲ್ಲಿ ಅಡ್ಡಡ್ಡ ತೆವಳಿ ಅಭ್ಯಾಸ ಮಾಡಿದ್ದ. ನೆರೆಯವರು ಸೊಂಟ ಹಿಡಿದಿದೆಯೆಂದು ತಿಳಿದು ಹಿಡಿದು ಮಲಗಿಸಿ ಕೊಬ್ಬರಿ ಎಣ್ಣೆ ತಿಕ್ಕಿದ್ದರು.

ಅವರವರ ದೃಶ್ಯಕ್ಕೆ ಅವರವರಿಗೇ ಅಂಕ. ಹೋದ ವರ್ಷ ಇನೋಕೆ ಇದರಲ್ಲೇ ಫೇಲಾಗಿದ್ದ. ಈ ಸಲವೂ ಆದರೆ ಕೋರ್ಸಿನಿಂದಲೇ ಹೊರಗೆ. ಕಾಲೇಜಿನ ಕಂಪ್ಯೂಟರುಗಳ ಮುಂದೆ ಬೇರೆ ತಂಡಗಳು ಸಾಲುಗಟ್ಟಿದ್ದವು. ಆದ್ದರಿಂದ ಏಡಿಯ ಒಂದೊಂದು ಹೆಜ್ಜೆಗೂ ಬೆಳಕು ನೆರಳು ತುಂಬಿ ಚಿತ್ರ ಹೊರತೆಗೆಯುವ ಕೆಲಸ ಈ ಮನೆಯ ಮುದಿ ಯಂತ್ರದ ಪಾಲಿಗೆ ಬಂದಿತ್ತು. ಯಂತ್ರದ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಚಿತ್ರಗಳು ನೇರ ಪೆನ್‌ಡ್ರೈವಿಗೆ ಇಳಿಯುತ್ತಿದ್ದವು. ಮಧ್ಯಾಹ್ನ ಮೂರಕ್ಕೆ ಒಪ್ಪಿಸಬೇಕು, ಐದಕ್ಕೆ ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನ.

ಫ್ಯಾನು ಗೇಟು ದಾಟಿದ ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಒಂದು ನಿಟ್ಟುಸಿರು ಬಿಟ್ಟು ಆರಿಹೋಯಿತು. ಏಡಿ ನಡುರಸ್ತೆಯಲ್ಲಿ, ಲಾರಿಯ ಮುಂದೆ ನಿಂತಿತ್ತು.

ಇನೋಕೆ ರಟ್ಟಿನ ಚೂರು ಹಿಡಿದು ಗಾಳಿ ಹಾಕಿ ಮತ್ತೆ ಹೊತ್ತಿಸಿದ. ಫೋನು ಬಂತು. ಅಶ್ನೀತಾ.

“ಎಲ್ಲಿದೆಯೋ ಏಡಿ?”

“ನಡುರಸ್ತೇಲಿದೆ. ಫ್ಯಾನ್ ಇಲ್ಲ. ಕೆರೆಕೆರೆ ಕೇಳಿದ್ರು, ಕೊಟ್ಬಿಟ್ಟೆ.”

“ಪರೀಕ್ಷೆ ದಿನ ಕೊಟ್ಯಾ? ನಿನ್ ತಲೇನ ಯಾರಾದ್ರೂ ಕೆರೆಕೆರೆ ಕೇಳಿದ್ರೆ ಅದನ್ನೂ ಕೊಡು. ಹೇಗೂ ಖಾಲಿ ಬಿದ್ದಿದೆ!”

ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದ ವಾಸಿತಿ ಅತ್ತೆ ಇದನ್ನು ಕೇಳಿಸಿಕೊಂಡಳು. ಅವಳು ಚರ್ಚಿನ ಮಹಿಳಾ ಸಂಘದ ಮುಖ್ಯಸ್ಥೆ; ಅವಳ ಕಿವಿಗೆ ಬಿದ್ದದ್ದು ಸಂಘಕ್ಕೆ ಬಿದ್ದ ಹಾಗೆ. ಕೈಯೆಲ್ಲ ಸೋಪಿನ ನೊರೆ ಮಾಡಿಕೊಂಡೇ ಬಂದಳು.

“ಏನಂತೆ ಇದಕ್ಕೆ?”

“ಸೆಕೆ ಆಗ್ತಿದೆ ಅತ್ತೆ. ಹೆಚ್ಚು ಬಿಸಿಯಾದ್ರೆ ನಿಂತ್ಹೋಗತ್ತೆ. ನಾನು ಫೇಲು.”

“ಅಷ್ಟೇನಾ? ನಾವೆಲ್ಲ ಯಾಕಿದ್ದೀವಿ?”

ಕೇದಗೆ ಗರಿಯಲ್ಲಿ ಹೆಣೆದ ಬೀಸಣಿಗೆಗಳು ರೈವಂಗದಲ್ಲಿ ಮನುಷ್ಯರಿಗಿಂತ ಹೆಚ್ಚು. ನೋಡನೋಡುತ್ತಿದ್ದಂತೆ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕಂಪ್ಯೂಟರಿನ ಸುತ್ತ ಚಾಪೆಯ ಮೇಲೆ ಕೂತರು. ಎದ್ದು ಅದರ ಮೇಲಿಂದ ಕೈಚಾಚಬೇಕಾದಾಗ, ಹಿರಿಯರ ತಲೆಯ ಮೇಲೆ ಕೈಹಾಯಿಸುವಾಗ ಹೇಳುವ ಹಾಗೆ, “ತುಲೌ, ತುಲೌ” ಎಂದು ಕ್ಷಮೆ ಕೇಳುತ್ತಿದ್ದರು. ಚರ್ಚಿನ ಹಾಡುಮೇಷ್ಟ್ರು ಸೈರುಸಿ ಬಂದು ನೋಡಿ, “ಹೀಗೆ ಒಬ್ಬೊಬ್ರು ಒಂದೊಂದು ತಾಳದಲ್ಲಿ ಬೀಸಿದ್ರೆ ಏಡಿಗೆ ತಲೆ ತಿರುಗತ್ತೆ” ಎಂದು ಹಾಡು ಶುರುಮಾಡಿಸಿದರು. ಬೀಸಣಿಗೆಗಳು ಒಟ್ಟಿಗೆ ಏಳತೊಡಗಿದವು, ಒಟ್ಟಿಗೆ ಬೀಳತೊಡಗಿದವು. ಏರುಸ್ವರದವರು ಎಡಕ್ಕೆ, ಇಳಿಸ್ವರದವರು ಬಲಕ್ಕೆ. ಕಂಪ್ಯೂಟರು ತಣ್ಣಗೆ, ಪ್ರವಚನ ಕೇಳುವ ಭಕ್ತನಂತೆ ಗುರುಗುಟ್ಟಿತು. ಏಡಿ ಇನ್ನೊಂದು ಹೆಜ್ಜೆ ಇಟ್ಟಿತು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯನ್ನು ಬೀದಿಯೆಲ್ಲ ಬೂ ಎಂದೇ ಕರೆಯುತ್ತಿತ್ತು. ಬೂ ಕನ್ನಡಕ ಏರಿಸಿ ತೆರೆ ನೋಡಿದಳು.

“ಇವನು ಎಲ್ಲಿಗೆ ಹೊರಟಿದ್ದಾನೆ?”

“ಹೊಸ ಮನೆಗೆ, ಬೂ.”

“ಬರಿಗೈಯಲ್ಲಿ?”

“ಅದು ಏಡಿ, ಬೂ.”

“ಏಡಿ ಆದ್ರೆ? ಹೊಸ ಊರಿಗೆ ಹೋಗೋನು ಒಂದು ಕಟ್ಟು ಯಂಗೋನ ಬೇರು ತಗೊಂಡು ಹೋಗ್ಬೇಕೋ ಬೇಡ್ವೋ? ಹಿರೀಕರ ಮುಂದಿಟ್ಟು ಅಪ್ಪಣೆ ಕೇಳ್ಬೇಕೋ ಬೇಡ್ವೋ? ಅಷ್ಟೊಂದು ಕೈ ಕೊಟ್ಟಿದ್ದೀಯ, ಒಂದರಲ್ಲೂ ಏನಿಲ್ಲ!”

“ಹೌದಲ್ಲ” ಎಂದರು ಎಲ್ಲರೂ. ಬೀಸಣಿಗೆಗಳು ಒಂದು ಕ್ಷಣ ನಿಂತವು. ಇನೋಕೆ ಕೈಮುಗಿದು, ಈಗ ಬದಲಾಯಿಸಲು ಹೊತ್ತಿಲ್ಲ ಎಂದು ಬೇಡಿಕೊಂಡ ಮೇಲೆ ಗಾಳಿ ಮುಂದುವರಿಯಿತು. ಆದರೂ ಬೂ ತನ್ನಷ್ಟಕ್ಕೆ, “ಅಪ್ಪ ಅಮ್ಮ ಹೇಳಿಕೊಡ್ಲಿಲ್ಲ ಅಂತ ಕಾಣತ್ತೆ” ಎಂದು ಏಡಿಯ ವಂಶವನ್ನು ಬೈಯುತ್ತಲೇ ಇದ್ದಳು.

ಚಹಾ ಬಂತು. ಕರಿದ ಹಿಟ್ಟಿನುಂಡೆ ಬಂತು. ಕೈಸೋತವರು ಎದ್ದರೆ ಹೊಸಬರು ಕೂರುತ್ತಿದ್ದರು. ಒಬ್ಬಳು ಹಾಲೂಡಿಸುತ್ತಲೇ ಇನ್ನೊಂದು ಕೈಯಲ್ಲಿ ಬೀಸಿದಳು. ಮಧ್ಯಾಹ್ನದ ಹೊತ್ತಿಗೆ ಏಡಿ ಲಾರಿಯ ಚಕ್ರ ತಪ್ಪಿಸಿ, ಬಸ್ಸಿನಡಿ ನುಸುಳಿ, ಆಚೆ ದಡ ಮುಟ್ಟಿತು. ಹೆಂಗಸರು ಮಗು ಹುಟ್ಟಿದ ಹಾಗೆ ಕೇಕೆ ಹಾಕಿದರು.

ಇನೋಕೆ ಒಬ್ಬೊಬ್ಬರ ಮುಖವನ್ನೂ ನೋಡಿದ. ಇವರಾರಿಗೂ ಈ ಕೋರ್ಸು ಏನೆಂದು ಗೊತ್ತಿಲ್ಲ. ಅಡುಗೆ, ಬಟ್ಟೆ, ಮಕ್ಕಳನ್ನು ಬಿಟ್ಟು ಒಂದು ಏಡಿಗಾಗಿ ರಟ್ಟೆ ನೋಯಿಸಿಕೊಂಡಿದ್ದಾರೆ. ಅವನು ಎದ್ದು ನಿಂತ. ಫೀಜಿಯಲ್ಲಿ ಉಪಕಾರ ಸ್ಮರಣೆಯೆಂದರೆ ಒಂದು ಮಾತಿನಲ್ಲಿ ಮುಗಿಯುವುದಲ್ಲ. ಅವನು ಬೂವಿನಿಂದ ಹಿಡಿದು ಮಗುವಿನವರೆಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ನೆನೆದು, ಕೊನೆಗೆ ಕಣ್ಣೊರೆಸಿಕೊಂಡು, “ನಿಮ್ಮೆಲ್ಲರ ಹೆಸರೂ ಇವತ್ತು ದೊಡ್ಡ ತೆರೆ ಮೇಲೆ ಬರತ್ತೆ. ಒಂದೂ ಬಿಡಲ್ಲ” ಎಂದು ಮಾತು ಕೊಟ್ಟ.

“ಹಾಗೇ ಲುಸಿಯಾನ ಹೆಸರೂ ಹಾಕು” ಎಂದಳು ವಾಸಿತಿ ಅತ್ತೆ. “ಅವಳು ಫ್ಯಾನ್ ಒಯ್ಯದೆ ಇದ್ದಿದ್ರೆ ನಾವೆಲ್ಲಿ ಬರ್ತಿದ್ವಿ?”

ಅದೂ ನಿಜವೆನ್ನಿಸಿತು. ಅವನು ಪ್ರನೀಲ್‌ಗೆ ಫೋನು ಮಾಡಿ ಹೆಸರು ಹೇಳುತ್ತ ಹೋದ. ಪೆನ್‌ಡ್ರೈವು ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದ ಮೇಲೂ ಹೇಳುತ್ತಲೇ ಇದ್ದ.

ಕಾಲೇಜಿನಲ್ಲಿ ಪ್ರನೀಲ್ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ.

“ಏನ್ ಗುರೂ, ಇದು ಸಿನಿಮಾನೋ ಜನಗಣತಿನೋ? ನಿನ್ ಏಡಿ ಇನ್ನೂ ಒಳಗೇ ಬಂದಿಲ್ಲ, ಆಗ್ಲೇ ಮೂರು ನಿಮಿಷ ತುಂಬಿದೆ.”

ಮೂರು ನಿಮಿಷಕ್ಕಿಂತ ಉದ್ದದ ಚಿತ್ರ ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ, ಹೆಸರುಗಳೂ ಸೇರಿ.

“ಹೆಸರು ಬೇಗ ಓಡಿಸು” ಎಂದಳು ಅಶ್ನೀತಾ.

“ಬೂ ಬೆರಳಿಟ್ಟು ಒಂದೊಂದೇ ಅಕ್ಷರ ಓದ್ತಾಳೆ” ಎಂದ ಇನೋಕೆ.

“ಎರಡೆರಡು ಹೆಸರು ಒಂದೇ ಸಾಲಲ್ಲಿ ಹಾಕು.”

“ಎಡಗಡೆ ಯಾರದ್ದು ಅಂತ ಜಗಳ ಆಗತ್ತೆ. ಮುಂದಿನ ಈಸ್ಟರ್ ತನಕ ಮಾತು ಬಿಡ್ತಾರೆ.”

“ಹಾಗಾದ್ರೆ ನನ್ ಸಮುದ್ರ ಕತ್ತರಿಸೋಣ” ಎಂದಳು ಅಶ್ನೀತಾ. ಬೆಳಿಗ್ಗೆ ಅವನ ತಲೆ ಖಾಲಿಯೆಂದವಳು. ಇನೋಕೆ ಅವಳ ಕಣ್ಣ ಕೆಳಗಿನ ಕಪ್ಪು ನೋಡಿದ. ಇಂಥ ಗೆಳೆಯರು ಯಾರಿಗೆ ಸಿಗುತ್ತಾರೆ?

“ಬೇಡ. ಒಂದೊಂದು ಅಲೇನೂ ನೀನೇ ಮಾಡಿದ್ದು. ನಂದೇ ಬಿಡೋಣ.”

“ಹುಚ್ಚೇನೋ? ಅದಿಲ್ದೆ ನಿಂಗೆ ಅಂಕ ಎಲ್ಲಿಂದ?”

ಮೂವರೂ ಫಾತಿಯಾಕಿ ಮೇಡಂ ಬಳಿಗೆ ಓಡಿದರು. ಮೇಡಂ ಬೆವರೊರೆಸಿಕೊಳ್ಳುತ್ತ ಕೇಳಿಸಿಕೊಂಡು, “ಸರಿ. ಪ್ರದರ್ಶನ ಮುಗಿದ ತಕ್ಷಣ ಪೆನ್‌ಡ್ರೈವು ನನ್ನ ಕೈಗೆ ಕೊಡು. ದೃಶ್ಯ ಬೇರೆಯಾಗೇ ನೋಡಿ ಅಂಕ ಹಾಕ್ತೀನಿ” ಎಂದರು. ಮೇಡಂ ಹೆಸರನ್ನೂ ಕೊನೆಯಲ್ಲಿ ಸೇರಿಸೋಣವೆಂದ ಇನೋಕೆಯನ್ನು ಅಶ್ನೀತಾ ಎಳೆದುಕೊಂಡು ಹೋದಳು.

ಐದಕ್ಕೆ ರೈವಂಗ ಒಂದು ಲಾರಿಯಲ್ಲಿ ಬಂದಿಳಿಯಿತು. ಎಲ್ಲರೂ ಭಾನುವಾರದ ಬಟ್ಟೆ ತೊಟ್ಟಿದ್ದರು. ಬೀಸಣಿಗೆಗಳೂ ಬಂದಿದ್ದವು.

ಚಿತ್ರ ಶುರುವಾಯಿತು. ಏಡಿ ಸಮುದ್ರದಿಂದ ಬಂತು. ರಸ್ತೆಯ ಈಚೆ ನಿಂತಿತು. ಮರುಕ್ಷಣ ರಸ್ತೆಯ ಆಚೆ ಇತ್ತು. ಹೊಸ ಶಂಖ ಹೊಕ್ಕಿತು. ಮುಗಿಯಿತು. ಆಮೇಲೆ ಹೆಸರುಗಳು ಸಮುದ್ರದ ಮೇಲೆ, ಆಮೆಯ ವೇಗದಲ್ಲಿ, ಒಂದೊಂದಾಗಿ ಏರತೊಡಗಿದವು. ಬೂ ಎದ್ದು ನಿಂತು ಜೋರಾಗಿ ಓದಿದಳು. ತನ್ನ ಹೆಸರು ಬಂದಾಗ ಓದಲಾಗದೆ ಕೂತುಬಿಟ್ಟಳು. ಉಳಿದವರು ಅವಳ ಬದಲು ಓದಿದರು. ಸಭಾಂಗಣವೇ ಎದ್ದು ಚಪ್ಪಾಳೆ ತಟ್ಟಿತು.

“ಆ ರಸ್ತೆ ದಾಟೋ ಜಾಗ ನೋಡಿದ್ರಾ?” ಎಂದಳು ವಾಸಿತಿ ಅತ್ತೆ, ಎಡಬಲದವರಿಗೆಲ್ಲ. “ಅದು ನನ್ನ ಕೈಗಾಳಿ.”

“ಬಸ್ಸಿನಡಿ ನುಸುಳಿದ್ದು ನಂದು” ಎಂದಳು ಇನ್ನೊಬ್ಬಳು. “ಎಷ್ಟು ಸೊಗಸಾಗಿ ಕಾಣಿಸ್ತು!”

ಯಾರೂ ಕಾಣದ್ದನ್ನು ಎಲ್ಲರೂ ಕಂಡಿದ್ದರು. ಇನೋಕೆ ಒಬ್ಬೊಬ್ಬರ ಕೈಹಿಡಿದು “ವಿನಾಕ, ವಿನಾಕ” ಎಂದು ಧನ್ಯವಾದ ಹೇಳಿ ಅಳುತ್ತ ನಗುತ್ತ ನಡೆದ. ಆ ಗಳಿಗೆಯಲ್ಲಿ ಯಾರಾದರೂ ಅವನ ಒಂದು ಕಿಡ್ನಿ ಕೇಳಿದ್ದರೂ ಯಾವ ಪಕ್ಕದ್ದು ಎಂದಷ್ಟೇ ಕೇಳುತ್ತಿದ್ದ.

ಸೈರುಸಿ ಮೇಷ್ಟ್ರು ಕೇಳಿದ್ದು ಪೆನ್‌ಡ್ರೈವು.

“ಇವತ್ತು ಬೀಸ್ತಾ ಹಾಡಿದ್ರಲ್ಲ, ನಮ್ಮ ಸಂಘ ಈ ಜನ್ಮದಲ್ಲಿ ಹಾಗೆ ಹಾಡಿಲ್ಲ ಕಣಯ್ಯ. ಫೋನಲ್ಲಿ ಹಿಡ್ಕೊಂಡಿದ್ದೀನಿ. ಪಾದ್ರಿಗಳು ಈಗ ಲೌತೋಕಕ್ಕೆ ಹೊರಟಿದ್ದಾರೆ, ಸ್ಪರ್ಧೆಗೆ ಕಳಿಸ್ಬೇಕು. ಕೆರೆಕೆರೆ!”

ಇನೋಕೆಯ ಕೈ ಕಿಸೆಗೆ ಹೋಯಿತು. ಬಾಯಿ, “ಈಗ್ಲೇ ವಾಪಸ್ ಬೇಕು ಮೇಷ್ಟ್ರೇ” ಎಂದಿತು. ಆದರೆ ಅಷ್ಟರಲ್ಲಿ ಬೂ ಅವನನ್ನು ಅಪ್ಪಿಕೊಂಡು ಮತ್ತೊಮ್ಮೆ ಅಳಲು ಶುರುಮಾಡಿದ್ದಳು.

ಬೂ ಬಿಟ್ಟಾಗ ಫಾತಿಯಾಕಿ ಮೇಡಂ ಎದುರಿಗಿದ್ದರು, ಕೈಚಾಚಿ. ಮೇಷ್ಟ್ರು ಬಾಗಿಲಿನಿಂದ ಬರಿಗೈಯಲ್ಲಿ ನಗುತ್ತ ಬಂದರು.

“ಮೇಷ್ಟ್ರೇ, ಪೆನ್‌ಡ್ರೈವು?”

“ಬಸ್ಸು ಹತ್ತಿ ಆಯ್ತು! ಪ್ರನೀಲನೇ ತುಂಬಿಸ್ಕೊಟ್ಟ.”

“ಅದ್ರೊಳಗಿದ್ದದ್ದು?”

“ಜಾಗ ಸಾಲ್ಲಿಲ್ಲಪ್ಪ. ಒಂದಷ್ಟು ಏಡಿ ಚಿತ್ರ ಇದ್ವು, ಅಳಿಸಿಬಿಡು ಅಂದೆ. ಈಗ ತಾನೇ ಎಲ್ಲರೂ ತೆರೆ ಮೇಲೆ ಕಣ್ತುಂಬ ನೋಡಿದ್ವಲ್ಲ.”

ಪ್ರನೀಲ್ ಅವರ ಹಿಂದೆ ಸಪ್ಪೆ ಮುಖ ಮಾಡಿ ನಿಂತಿದ್ದ. “ಹಿರಿಯರು ನಿಂಗೆ ಹೇಳಿದ್ದೀನಿ ಅಂದ್ರು, ಮನೇಲಿ ಇನ್ನೊಂದು ಪ್ರತಿ ಇರತ್ತೆ ಅಂತ ನಾನು ಅಳಿಸ್ಬಿಟ್ಟೆ.”

ಇನೋಕೆ ಕುರ್ಚಿಯೊಂದನ್ನು ಹಿಡಿದುಕೊಂಡ. ಮೇಡಂ ಅವನ ಮುಖ ನೋಡಿದರು, ತೆರೆ ನೋಡಿದರು. ಅಲ್ಲಿ ಕೊನೆಯ ಹೆಸರು ಇನ್ನೂ ನಿಂತಿತ್ತು. “ನಾಳೆ ಮಧ್ಯಾಹ್ನದ ತನಕ ಕಾಯ್ತೀನಿ” ಎಂದರು. “ಅದಾದ್ಮೇಲೆ ನನ್ ಕೈಲಿಲ್ಲ.”

ನಾಳೆ ಮಧ್ಯಾಹ್ನ! ಫ್ಯಾನೊಂದಿದ್ದರೆ ಚಿತ್ರಗಳನ್ನೆಲ್ಲ ಮತ್ತೆ ಹೊರತೆಗೆಯುವುದು ಸಾಧ್ಯ. ದೇವರು ಕೇಳಿಸಿಕೊಂಡ ಹಾಗೆ ಬಾಗಿಲಲ್ಲಿ ಲುಸಿಯಾನ ಅತ್ತೆ ಕಾಣಿಸಿಕೊಂಡಳು, ಕಂಕುಳಲ್ಲಿ ಮೊಮ್ಮಗುವಲ್ಲ, ಟೇಬಲ್ ಫ್ಯಾನು.

“ಸಂಜೆ ಎಲ್ಲಿದ್ರೂ ತಂದ್ಕೊಡ್ತೀನಿ ಅಂದಿದ್ನಲ್ಲ! ಮಗು ಸೊಂಪಾಗಿ ಮಲಗಿತು. ಪುಣ್ಯ ಬರಲಿ ನಿಂಗೆ.”

ಇನೋಕೆ ಫ್ಯಾನನ್ನು ಎದೆಗೆ ಅವಚಿಕೊಂಡ.

“ಅಯ್ಯೋ, ಫ್ಯಾನಾ?” ಎಂದರು ಫಾತಿಯಾಕಿ ಮೇಡಂ, ಕತ್ತಿನ ಬೆವರು ಒರೆಸುತ್ತ. “ನಮ್ಮ ಕೋಣೇದು ಕೆಟ್ಟು ವಾರ ಆಯ್ತು. ನಾಳೆ ನಿಮ್ಮೆಲ್ಲರ ಅಂಕ ಹಾಕೋ ತನಕ, ಕೆರೆಕೆರೆ?”

ಅಂಕ ಹಾಕುವ ಕೈ ಅದು. ಫ್ಯಾನು ಕೈ ದಾಟಿತು.

ಇನೋಕೆ ನಿಧಾನವಾಗಿ ತಿರುಗಿದ. ವಾಸಿತಿ ಅತ್ತೆ ಆಗಲೇ ತೋಳೇರಿಸಿದ್ದಳು. ಅವಳ ಹಿಂದೆ ಬೀಸಣಿಗೆಗಳು ಒಂದೊಂದಾಗಿ ಮೇಲೇಳುತ್ತಿದ್ದವು, ಇವತ್ತು ಇದ್ದದ್ದಕ್ಕಿಂತ ಹೆಚ್ಚು. ಪಕ್ಕದ ಬೀದಿಯವರೂ ಸೇರಿಕೊಂಡಿದ್ದರು.

“ಮುಖ ಯಾಕೆ ಸಣ್ಣ ಮಾಡ್ತೀಯೋ? ನಾವೆಲ್ಲ ಯಾಕಿದ್ದೀವಿ?”

“ಒಳ್ಳೇದೇ ಆಯ್ತು” ಎಂದಳು ಬೂ. “ಈ ಸಲ ಅವನ ಕೈಗೆ ಒಂದು ಕಟ್ಟು ಯಂಗೋನ ಕೊಡು.”

ಇನೋಕೆಯ ಕಣ್ಣು ತುಂಬಿ ಬಂತು. ಅವನು ಎಲ್ಲರಿಗೂ ಕಾಣುವಂತೆ ನೆಟ್ಟಗೆ ನಿಂತು, ಎದೆಯ ಮೇಲೆ ಕೈಯಿಟ್ಟು, ಉದ್ದಕ್ಕೆ ಉಸಿರೆಳೆದು ಬಾಯಿ ತೆರೆದ.

“ತುಲೌ” ಎಂದಳು ಅಶ್ನೀತಾ, ಮರ್ಯಾದೆಯಿಂದ ತುಸು ಬಾಗಿ. ಮತ್ತು ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದಳು.