ಉಗಿಬಂಡಿಯಲ್ಲಿ ಹೆಣ್ಣು ನೋಡಿದ್ದು

ಹಳೇ ಇಂಜಿನ್ನಿನ ಹಿಂದೆ ಕೂತವರು ಸುಮ್ಮನೆ ಹೋಗಿ ಸುಮ್ಮನೆ ಬಂದದ್ದನ್ನು ನಾನಂತೂ ಕಂಡಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ರಿಪೇರಿಯಾಗಿ ಹೊಸ ಬಣ್ಣ ಬಳಿಸಿಕೊಂಡ ಉಗಿ ಇಂಜಿನ್ನೊಂದು ಕೆಲವು ಭಾನುವಾರ ಜನರನ್ನು ಶಿವಮೊಗ್ಗದಿಂದ ಭದ್ರಾವತಿಗೆ ವಿಹಾರಕ್ಕೆ ಕರೆದೊಯ್ದು ವಾಪಸು ತರುತ್ತಿತ್ತು. ಒಂದು ಬೋಗಿಯ ಉಸ್ತುವಾರಿ ನನ್ನದು.

ಅಂಥ ಒಂದು ಭಾನುವಾರ ನನ್ನ ಹೆಂಡತಿ ಅವಳ ತಮ್ಮನನ್ನು ಕರೆದುಕೊಂಡು ಹತ್ತಿದಳು. ಬಾಮೈದನನ್ನು ಆಗಲೇ ಮೂರು ಕಡೆಯವರು ಬೇಡವೆಂದಿದ್ದರು. ಹುಡುಗಿಯ ಮನೆಗೆ ಹೋದರೆ ಅವನು ತಲೆ ಎತ್ತುತ್ತಿರಲಿಲ್ಲ; ಅವರ ಮನೆಯ ನೆಲ ನೋಡಿಕೊಂಡು ಬರುತ್ತಿದ್ದ. ನಾಲ್ಕನೆಯ ಹುಡುಗಿ ಭದ್ರಾವತಿಯ ಜನ್ನಾಪುರದವಳು. ಅವಳ ಕಡೆಯವರು ಅಲ್ಲಿ ಹತ್ತುವುದು, ವಾಪಸು ಬರುವಾಗ ಎದುರುಬದುರು ಕೂರುವುದು ಎಂದು ಮಾತಾಗಿತ್ತು.

"ರೈಲಲ್ಲಾದ್ರೆ ಕಿಟಕಿ ಇರತ್ತೆ, ತಲೆ ಎತ್ತಲೇಬೇಕು," ಎಂಬುದು ನನ್ನ ಹೆಂಡತಿಯ ಲೆಕ್ಕ. "ಇದೂ ತಪ್ಪಿದ್ರೆ ನಾನು ಇನ್ನು ಹೆಣ್ಣು ಹುಡುಕಲ್ಲ ಕಣೋ," ಎಂದು ತಮ್ಮನಿಗೂ ಹೇಳಿದ್ದಳು.

ಹೊಗೆ

ಹೊರಟ ಸ್ವಲ್ಪ ಹೊತ್ತಿಗೆ ಎಡಗಡೆ ಕಿಟಕಿಯ ಮೇಷ್ಟ್ರೊಬ್ಬರು ನನ್ನನ್ನು ಕರೆದರು. "ಏನ್ರೀ ಇದು, ಹೊಗೆಯೆಲ್ಲ ನಮ್ಮ ಮೂಗಿಗೇ ಬರ್ತಿದೆ."

ಬಲಗಡೆಯ ಅಂಗಡಿಯವರೂ ಕರೆದರು. "ನಮಗೆ ಒಂದು ಚೂರೂ ಬರ್ತಿಲ್ಲ. ಇಷ್ಟಕ್ಕೆ ಮಾಮೂಲಿ ರೈಲೇ ಸಾಕಿತ್ತಲ್ಲ."

ಇಬ್ಬರನ್ನೂ ಅದಲುಬದಲು ಮಾಡಿ ಕೂರಿಸಿದೆ. ಮುಂದೆ ಹಳಿ ತಿರುಗಿತು, ಹೊಗೆ ಮೇಷ್ಟ್ರನ್ನು ಹುಡುಕಿಕೊಂಡು ಬಲಗಡೆಗೆ ಬಂತು. ಮೇಷ್ಟ್ರು ಮೂಗು ಮುಚ್ಚಿಕೊಂಡರು. ಅಂಗಡಿಯವರು ಎದ್ದು ನಿಂತು, "ಮತ್ತೆ ಅವರ ಪಾಲಿಗೇ ಹೋಯ್ತಲ್ಲ ಸ್ವಾಮಿ," ಎಂದರು.

ಸೀಟಿ

ಭದ್ರಾವತಿ ಹತ್ತಿರವಾದಾಗ ಡ್ರೈವರು ಉದ್ದಕ್ಕೆ ಸೀಟಿ ಹಾಕಿದರು. ಇಂಜಿನ್ ನೀರು ತುಂಬಿಸಿಕೊಂಡು ಬೋಗಿಗಳ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಹುಡುಗಿ, ಅವಳ ತಾಯಿ, ಹೊಳೆಹೊನ್ನೂರಿನ ಸೋದರಮಾವ, ಮೂವರೂ ಆಟೋದಲ್ಲಿ ಬಂದಿಳಿದರು. ತಂದೆ ಇರಲಿಲ್ಲ.

"ಯಜಮಾನ್ರು ಬರಲಿಲ್ವಾ?" ಎಂದು ನನ್ನ ಹೆಂಡತಿ ಕೇಳಿದಳು.

"ಪಂಚೆ ಉಟ್ಕೊಂಡು ರೆಡಿಯಾಗಿ ಕೂತಿದ್ರು," ಎಂದರು ಹುಡುಗಿಯ ತಾಯಿ. "ನಿಮ್ಮ ಇಂಜಿನ್ ಕೂಗ್ತು. ಫ್ಯಾಕ್ಟರಿ ಸೈರನ್ ಆಯ್ತು ಅಂತ ಸೈಕಲ್ ಹತ್ತಿ ಡ್ಯೂಟಿಗೆ ಹೋದ್ರು."

"ಕರೀಲಿಲ್ವಾ?"

"ಕರೆದೆ. ಲೇಟಾಯ್ತು ಅಂದ್ರು. ತಗೊಂಡು ಹೋದ ಊಟದ ಕ್ಯಾರಿಯರ್ ಖಾಲಿ ಇದೆ ಅಂತಾನೂ ನೋಡಲಿಲ್ಲ."

ಮೈಲೇಜು

ಹೀಗಾಗಿ ಯಜಮಾನಿಕೆ ಸೋದರಮಾವನಿಗೆ ಬಂತು. ಅವರು ಮೊದಲು ಇಂಜಿನ್ನನ್ನು, ಟ್ರ್ಯಾಕ್ಟರ್ ಕೊಳ್ಳಲು ಬಂದವರ ಹಾಗೆ, ಒಂದು ಸುತ್ತು ಹಾಕಿ ನೋಡಿದರು.

"ಮೈಲೇಜ್ ಎಷ್ಟು ಕೊಡತ್ತೆ?"

"ಇದು ಕೊಡೋ ಪೈಕಿ ಅಲ್ಲ ಮಾರಾಯ್ರೆ, ಬರೀ ತಿನ್ನೋದು," ಎಂದರು ಡ್ರೈವರು.

ಮಾವ ನಿಧಾನವಾಗಿ ನನ್ನ ಬಾಮೈದನ ಕಡೆ ತಿರುಗಿದರು. "ಅಂದಹಾಗೆ, ಹುಡುಗ ಏನು ಕೆಲಸ ಮಾಡ್ತಾರೆ?"

ಕಣ್ಣು

ರೈಲು ಹೊರಟಿತು. ಬಾಮೈದ ಕಿಟಕಿಯ ಪಕ್ಕ, ಹುಡುಗಿ ಅವನೆದುರಿಗೆ. ಅವನು ಬೋಗಿಯ ನೆಲ ನೋಡತೊಡಗಿದ. ಅಕ್ಕ ಮೊಣಕೈಯಿಂದ ತಿವಿದಳು. ತಲೆ ಎತ್ತಿದ, ಧೈರ್ಯ ಸಾಲದೆ ಮುಖವನ್ನು ಕಿಟಕಿಯ ಹೊರಗಿಟ್ಟ. ಕಣ್ಣಿಗೆ ಕಲ್ಲಿದ್ದಲ ಹರಳು ಬಿತ್ತು. ಥಟ್ಟನೆ ಇತ್ತ ತಿರುಗಿದ. ಬಾಯಿಬಿಟ್ಟು ಹೇಳಲು ಸಂಕೋಚ. ಹುಡುಗಿಯನ್ನೇ ಎದುರಿಗಿಟ್ಟುಕೊಂಡು ಒಂದು ಕಣ್ಣು ಮುಚ್ಚಿ ತೆರೆದ. ಇನ್ನೊಮ್ಮೆ ಮುಚ್ಚಿ ತೆರೆದ.

ಸೋದರಮಾವ ಎದ್ದು ನಿಂತರು. "ಏನ್ರೀ ಇದು, ಹಿರಿಯರು ಕೂತಿರೋವಾಗ್ಲೇ ಹುಡುಗ ಕಣ್ಣು ಹೊಡೀತಾನೆ. ರೈಲು ಎಲ್ಲಿ ನಿಲ್ಲತ್ತೋ ಅಲ್ಲೇ ಇಳೀತೀವಿ."

ಹೆಂಡತಿ ನನ್ನನ್ನು ನೋಡಿದಳು. ನಾನು ಟಾರ್ಚು ತಂದು, ಬಾಮೈದನ ರೆಪ್ಪೆ ಮಗುಚಿ, ಒದ್ದೆ ಕರವಸ್ತ್ರದ ತುದಿಯಿಂದ ಕರೀ ಚುಕ್ಕೆಯೊಂದನ್ನು ತೆಗೆದು ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪರೀಕ್ಷಿಸಿದರು.

"ಹೌದು, ಇದ್ದಲೇ. ತಪ್ಪು ತಿಳ್ಕೊಂಡೆ," ಎಂದು ಕೂತು, ಸೊಸೆಗೆ ಹೇಳಿದರು: "ನೋಡಮ್ಮ, ಹುಡುಗ ಕಣ್ಣು ಹೊಡೆದಿಲ್ಲ. ಪಾಪ, ಸಾಧು. ನೀನೇನಂತೀಯ?"

ಹುಡುಗಿ ಸೆರಗಿನ ಅಂಚು ಸರಿಮಾಡಿಕೊಂಡಳು. "ಹೊಡೆದ್ರು ಅಂತಾನೇ ಒಪ್ಕೊಂಡಿದ್ದೆ ಮಾವ. ಇಲ್ಲ ಅಂದ್ರೆ ಬೇಡ."

ಬಾಮೈದ ನಿಧಾನವಾಗಿ ತಲೆ ಎತ್ತಿದ. ಒಂದು ಕಣ್ಣು ಕೆಂಪಗಾಗಿ ಇನ್ನೂ ನೀರು ಸುರಿಸುತ್ತಿತ್ತು. ಮಾವನ ಎದುರಿಗೇ, ಇದ್ದಲು ಬೀಳದ ಇನ್ನೊಂದು ಕಣ್ಣು ಹೊಡೆದ.