ಗಿರೀಶನ ಬೆಲ್ಟೂ ನನ್ನ ಯಂತ್ರವೂ

ಓದು ಮುಗಿದ ಮೇಲೂ ಓದುವವರ ಹಾಗೆಯೇ ಬದುಕುವವರಿಗೆ ನಮ್ಮ ಜನ ಇನ್ನೂ ಒಂದು ಮರ್ಯಾದೆಯ ಹೆಸರು ಹುಡುಕಿಲ್ಲ. ವಿದ್ಯಾರ್ಥಿನಿ ಎನ್ನೋಣವೆಂದರೆ ತಲೆಯಲ್ಲಿ ನರೆ ಇಣುಕುತ್ತಿದೆ. ಉದ್ಯೋಗಿ ಎನ್ನೋಣವೆಂದರೆ ವರ್ಷಕ್ಕೊಮ್ಮೆ ಒಂದು ಕಮಿಟಿ ಬಂದು, ಇವಳನ್ನು ಇಟ್ಟುಕೊಳ್ಳೋಣವೋ ಕಳಿಸಿಬಿಡೋಣವೋ ಎಂದು ಗಡ್ಡ ತುರಿಸಿಕೊಳ್ಳುತ್ತದೆ. ಪಿಎಚ್‌ಡಿ ಆದವರಿಗೆ ಸಿಗುವ ಪೋಸ್ಟ್‌ಡಾಕ್ ಫೆಲೋಶಿಪ್ ಎಂಬ ಈ ತ್ರಿಶಂಕು ಸ್ವರ್ಗದಲ್ಲಿ ನಾನಿದ್ದೇನೆ. ಬನಶಂಕರಿಯ ನಮ್ಮ ಬೀದಿಯಲ್ಲಿ ಇದನ್ನು ವಿವರಿಸಿ ಸೋತಿದ್ದೇನೆ. ಎದುರುಮನೆ ಸರೋಜಾ ಆಂಟಿ ಮಾತ್ರ ಒಂದೇ ಏಟಿಗೆ ಅರ್ಥ ಮಾಡಿಕೊಂಡರು. "ಬೇಜಾರ್ ಮಾಡ್ಕೋಬೇಡಮ್ಮ, ನಮ್ಮ ಮಹಡಿ ಬಾಡಿಗೆಯೋರದ್ದೂ ಹನ್ನೊಂದು ತಿಂಗಳ ಅಗ್ರಿಮೆಂಟೇ. ಚೆನ್ನಾಗಿ ನಡ್ಕೊಂಡ್ರೆ ನಾವೇನು ಖಾಲಿ ಮಾಡ್ಸಲ್ಲ" ಎಂದರು.

ನನ್ನ ಕೆಲಸ ಕ್ವಾಂಟಮ್ ಸಂವೇದಕಗಳದ್ದು. ಹೆದರಬೇಡಿ. ಗಾಜಿನ ಪುಟ್ಟ ಬುರುಡೆಯೊಂದರಲ್ಲಿ ಪರಮಾಣುಗಳ ಆವಿ ತುಂಬಿ, ಅದರೊಳಗೆ ಲೇಸರ್ ಬೆಳಕು ಹಾಯಿಸುತ್ತೇವೆ. ಹತ್ತಿರದಲ್ಲಿ ಕಾಂತಶಕ್ತಿ ಕೂದಲೆಳೆಯಷ್ಟು ಅಲುಗಿದರೂ ಆ ಪರಮಾಣುಗಳಿಗೆ ಗೊತ್ತಾಗುತ್ತದೆ. ಗೊತ್ತಾದದ್ದು ಪರದೆಯ ಮೇಲೆ ಒಂದು ಗೆರೆಯಾಗಿ ಕಾಣುತ್ತದೆ. ಏನೂ ಇಲ್ಲದಿದ್ದರೆ ಗೆರೆ ನೆಟ್ಟಗಿರಬೇಕು, ಕಬ್ಬಿಣದ ಚೂರು ಬಂದರೆ ನೆಗೆಯಬೇಕು. ಇಷ್ಟೇ. ನಮ್ಮ ಅತ್ತೆಗೂ ಹೀಗೆಯೇ ಹೇಳಿದ್ದೆ.

"ಅಂದ್ರೆ ಕಳೆದುಹೋಗಿದ್ದನ್ನ ಹುಡುಕತ್ತಾ?" ಎಂದು ಅವರು ಕಣ್ಣರಳಿಸಿದರು.

"ಕಬ್ಬಿಣ ಆದ್ರೆ ಹುಡುಕತ್ತೆ ಅತ್ತೆ. ಚಿನ್ನ ಆದ್ರೆ ಇಲ್ಲ."

"ಕಬ್ಬಿಣ ಯಾರೇ ಕಳ್ಕೋತಾರೆ?"

ಇಂಥ ಪ್ರಶ್ನೆಯನ್ನು ಯಾವ ಕಮಿಟಿಯೂ ಈವರೆಗೆ ಕೇಳಿಲ್ಲ, ನನ್ನ ಪುಣ್ಯ.

ಈ ಸಲ ಕಮಿಟಿ ಬರುವ ದಿನ ಹತ್ತಿರವಾದಂತೆ ನನ್ನ ಗೆರೆಗೆ ಹುಚ್ಚು ಹಿಡಿಯಿತು. ಸುಮ್ಮನೆ ಮಲಗಿದ್ದದ್ದು ಇದ್ದಕ್ಕಿದ್ದಂತೆ ಎದ್ದು ಕುಣಿಯುತ್ತಿತ್ತು. ಸರಿಮಾಡಲು ನಾನು ಬಗ್ಗಿದಷ್ಟೂ ಇನ್ನಷ್ಟು ಕುಣಿಯುತ್ತಿತ್ತು. ಹೀಗೇ ಕುಣಿದರೆ ಫೆಲೋಶಿಪ್ ಮುಂದುವರಿಯುವುದಿಲ್ಲ, ನಾನು ಗಂಟುಮೂಟೆ ಕಟ್ಟಬೇಕು. ಲ್ಯಾಬಿನಲ್ಲಿ ನನ್ನ ಜೊತೆಗಿರುವವನು ಗಿರೀಶ. ಗೊಟ್ಟಿಗೆರೆಯವನು, ನನಗಿಂತ ಚಿಕ್ಕ ಪೋಸ್ಟ್‌ಡಾಕ್, ಬಾಯಿ ತುಂಬ ಅಕ್ಕ ಎನ್ನುತ್ತಾನೆ.

"ಅಕ್ಕ, ನಾನೊಬ್ನೇ ಇದ್ದಾಗ ಇದು ಸುಮ್ನಿರತ್ತೆ" ಎಂದ.

"ಸುಳ್ಳು ಹೇಳ್ಬೇಡ. ನೀನು ನೋಡೋ ಹೊತ್ತಿಗೆ ಮೆಟ್ರೋ ಹೋಗಿರತ್ತೆ, ಅಷ್ಟೆ."

ಹೌದು, ನನ್ನ ಮೊದಲ ಅನುಮಾನ ಕನಕಪುರ ರಸ್ತೆಯ ಮೆಟ್ರೋ ಮೇಲೆ. ನಮ್ಮ ಸಂಸ್ಥೆ ಇರುವುದು ತಲಘಟ್ಟಪುರದ ಆಚೆ, ರೈಲಿಗೂ ನಮಗೂ ಬಹಳ ದೂರವಿಲ್ಲ. ಕಿಟಕಿಗೆ ಅಂಟಿಕೊಂಡು ರೈಲು ಕಾದೆ. ರೈಲಿಗೂ ಗೆರೆಗೂ ತಾಳ ಕೂಡಲಿಲ್ಲ. ಆಮೇಲೆ ಲಿಫ್ಟ್ ನಿಲ್ಲಿಸಿದೆ. ಇಡೀ ಕಟ್ಟಡ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ನಮ್ಮ ಬಾಗಿಲ ಮುಂದೆ ನಿಂತು ನನ್ನ ವಂಶವನ್ನು ನೆನೆಯಿತು. ಗೆರೆ ಕುಣಿಯುತ್ತಲೇ ಇತ್ತು. ಕೊನೆಗೆ ನನ್ನ ಕಣ್ಣು ಗಿರೀಶನ ಸೊಂಟದ ಮೇಲೆ ಬಿತ್ತು.

"ಬೆಲ್ಟ್ ತೆಗಿ."

"ಅಕ್ಕ, ಪ್ಯಾಂಟ್ ನಿಲ್ಲಲ್ಲ."

"ಫಿಸಿಕ್ಸ್‌ಗೋಸ್ಕರ ಇಷ್ಟೂ ಮಾಡಕ್ಕಾಗಲ್ವೇನೋ?"

ಅಂದಿನಿಂದ ಗಿರೀಶ ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಲೇಸರ್ ಹಿಡಿದು ವಿಜ್ಞಾನ ಮಾಡತೊಡಗಿದ. ಬೀಗದ ಕೈ, ಮೊಬೈಲು, ಹೇರ್‌ಕ್ಲಿಪ್ಪು ಎಲ್ಲವನ್ನೂ ನಾನೂ ಬಾಗಿಲ ಹೊರಗಿನ ಬುಟ್ಟಿಗೆ ಹಾಕಿ, ಮಡಿಯುಟ್ಟವಳ ಗತ್ತಿನಲ್ಲಿ ಒಳಗೆ ಹೋಗುತ್ತಿದ್ದೆ. ಗೆರೆ ನನ್ನನ್ನು ಕಂಡು ಕುಣಿಯುತ್ತಿತ್ತು.

ಕಮಿಟಿ ಬರುವ ಬೆಳಿಗ್ಗೆ ಅತ್ತೆ ನನ್ನ ಚೂಡಿದಾರ ಕಂಡು ಹೌಹಾರಿದರು. "ದೊಡ್ಡೋರು ಬರ್ತಾರೆ ಅಂತೀಯ, ಸೊಪ್ಪು ತರಕ್ಕೆ ಹೋಗೋ ಥರ ಹೊರಟಿದ್ದೀಯಲ್ಲೇ!" ರೇಷ್ಮೆ ಸೀರೆ ಬಂತು. ಅತ್ತೆ ನನ್ನ ಸುತ್ತ ಪ್ರದಕ್ಷಿಣೆ ಬರುತ್ತ ನೆರಿಗೆಗೊಂದು, ಸೆರಗಿಗೊಂದು, ಸೊಂಟಕ್ಕೊಂದು ಪಿನ್ನು ಚುಚ್ಚಿದರು. ಸಾಲದೆಂದು ತಾಳಿಸರದಲ್ಲಿ ಆಗಲೇ ನೇತಾಡುತ್ತಿದ್ದ ಪಿನ್ನಿನ ಗೊಂಚಲಿಗೆ ಇನ್ನಷ್ಟು ಸೇರಿಸಿ, "ಇರ್ಲಿ, ಅಲ್ಲಿ ಯಾರಿಗಾದ್ರೂ ಬೇಕಾಗತ್ತೆ" ಎಂದರು.

ಕಮಿಟಿಯ ಅಧ್ಯಕ್ಷೆ ಜಯನಗರದವರು. ಬೆಳ್ಳಿಕೂದಲು, ಹತ್ತಿ ಸೀರೆ, ತಪ್ಪನ್ನು ಬಾಗಿಲಲ್ಲೇ ಹಿಡಿಯುವ ನೋಟ. ಅವರ ಹಿಂದೆ ಒಂದಿಬ್ಬರು ಮೌನಿಗಳು. "ಈಗ ನೋಡಿ ಮೇಡಂ, ಗೆರೆ ಎಷ್ಟು ನೆಟ್ಟಗಿದೆ" ಎನ್ನುತ್ತ ಯಂತ್ರದ ಬಳಿ ಹೋದೆ. ಗೆರೆ ಪರದೆ ಬಿಟ್ಟು ಮೇಲಕ್ಕೆ ಹಾರಿಹೋಯಿತು. ಗಾಬರಿಯಾಗಿ ಹಿಂದೆ ಸರಿದೆ, ಇಳಿಯಿತು. ಮುಂದೆ ಬಂದೆ, ಹಾರಿತು. ನಾನು ಕುಂಟೆಬಿಲ್ಲೆ ಆಡುವ ಮಗುವಿನ ಹಾಗೆ ಹಿಂದೆ ಮುಂದೆ ಆಡುವುದನ್ನು ಅಧ್ಯಕ್ಷೆ ಸಮಾಧಾನವಾಗಿ ನೋಡಿದರು.

"ಒಂದ್ನಿಮಿಷ ನಿಂತ್ಕೋಮ್ಮ. ಸೀರೆಗೆ ಎಷ್ಟು ಪಿನ್ ಹಾಕಿದ್ದೀಯ?"

ಪ್ಯಾಂಟು ಹಿಡಿದ ಗಿರೀಶ ನನ್ನನ್ನು ನೋಡಿದ. "ಅಕ್ಕಾ..." ಎಂದ. ಅಷ್ಟೇ ಅಂದದ್ದು, ಆದರೆ ಆ ಎರಡಕ್ಷರದಲ್ಲಿ ಒಂದು ಮಹಾಕಾವ್ಯವಿತ್ತು.

ನಿಮ್ಮಲ್ಲಿ ಹೆಂಗಸರಿದ್ದರೆ ನನ್ನ ಪರವಾಗಿ ಸಾಕ್ಷಿ ಹೇಳಬೇಕು. ತಾಳಿಸರದ ಪಿನ್ನನ್ನು ಯಾರಾದರೂ ವಸ್ತು ಎಂದು ಎಣಿಸುತ್ತಾರೆಯೇ? ಅದು ಕಿವಿ ಮೂಗಿನ ಹಾಗೆ ಮೈಯ ಭಾಗ. ಮೂಗನ್ನು ಬಿಚ್ಚಿ ಬುಟ್ಟಿಗೆ ಹಾಕಬೇಕೆಂದು ಯಾರಿಗೆ ಹೊಳೆಯುತ್ತದೆ?

ಬಚ್ಚಲುಮನೆಗೆ ಓಡಿ ಎಲ್ಲವನ್ನೂ ಕಿತ್ತು, ಬಾಗಿಲ ಹೊರಗಿನ ಬುಟ್ಟಿಗೆ ಹಾಕಿ ಬಂದೆ. ಪಿನ್ನಿಲ್ಲದ ರೇಷ್ಮೆ ಸೀರೆಗೆ ಹೆಗಲೂ ಒಂದೇ, ನೆಲವೂ ಒಂದೇ. ಎಡಗೈಯಲ್ಲಿ ಸೆರಗು, ಬಲಗೈಯಲ್ಲಿ ನೆರಿಗೆ ಹಿಡಿದು, ಪರದೆಯನ್ನು ಗದ್ದದಲ್ಲಿ ತೋರಿಸುತ್ತ ಮಾತು ಮುಂದುವರಿಸಿದೆ. ಆದರೂ ಗೆರೆ ಸಣ್ಣಗೆ ನಡುಗುತ್ತಿತ್ತು. ಅಧ್ಯಕ್ಷೆ ಹತ್ತಿರ ಬಂದು ಪಿಸುಗುಟ್ಟಿದರು: "ಬ್ಲೌಸಿನ ಹುಕ್ಸ್ ಇರ್ಬೇಕು. ಅದಕ್ಕೆ ಕೈ ಹಾಕ್ಬೇಡ, ತಾಯಿ. ಬಾಗಿಲ ಹತ್ರ ಹೋಗಿ ನಿಂತ್ಕೋ."

ನಿಂತೆ. ಯಂತ್ರದ ಬಳಿ ಪ್ಯಾಂಟು ಹಿಡಿದ ಗಿರೀಶ, ಬಾಗಿಲಲ್ಲಿ ಸೀರೆ ಹಿಡಿದ ನಾನು, ಪರದೆಯ ಮೇಲೆ ಮಗುವಿನಂತೆ ಮಲಗಿದ ಗೆರೆ. ಅಧ್ಯಕ್ಷೆ ಬುಟ್ಟಿಯಿಂದ ನನ್ನದೇ ಒಂದು ಪಿನ್ನು ತೆಗೆದು ಹಿಡಿದು ಮೆಲ್ಲಗೆ ನಡೆದು ಬಂದರು. ಅವರಿನ್ನೂ ಯಂತ್ರದಿಂದ ಅಷ್ಟು ದೂರದಲ್ಲಿರುವಾಗಲೇ ಗೆರೆ ತಲೆಯೆತ್ತಿತು. "ಭೇಷ್!" ಎಂದರು. ಹಿಂದಿದ್ದ ಮೌನಿಗಳೂ ತಲೆದೂಗಿದರು.

ಫೆಲೋಶಿಪ್ ಇನ್ನೊಂದು ವರ್ಷ ಮುಂದುವರಿಯಿತು. ಜೊತೆಗೆ ಒಂದು ಸಲಹೆ: ಉಪಕರಣ ಅತ್ಯಂತ ಸೂಕ್ಷ್ಮವಾಗಿದೆ, ಆದ್ದರಿಂದ ಅಳತೆಯ ವೇಳೆ ಸಂಶೋಧಕಿ ಕೋಣೆಯ ಹೊರಗಿರುವುದು ಒಳ್ಳೆಯದು.

ಸಂಜೆ ಮುಖ ಸಣ್ಣಗೆ ಮಾಡಿಕೊಂಡು ಅತ್ತೆಗೆ ವರದಿ ಒಪ್ಪಿಸಿದೆ.

"ಅಂದ್ರೆ ಒಳಗೆ ಆ ಗಿರೀಶ ಕೆಲಸ ಮಾಡ್ತಾನೆ, ಹೊರಗೆ ನೀನು ಕೂತಿರ್ತೀಯ?"

"ಹೂಂ ಅತ್ತೆ."

"ಸಂಬಳ?"

"ಅದು ಹಾಗೇ ಬರತ್ತೆ."

"ಅಯ್ಯೋ ಪೆದ್ದೇ, ಅದಕ್ಕೆ ಪ್ರಮೋಷನ್ ಅಂತಾರೆ!" ಎಂದು ಅತ್ತೆ ಸಕ್ಕರೆ ಡಬ್ಬಿ ಇಳಿಸಿ ಕೇಸರಿಬಾತಿಗೆ ರವೆ ಹುರಿಯತೊಡಗಿದರು.

ಅಳತೆಯಲ್ಲಿ ಪಳಗಿದವಳಾದ್ದರಿಂದ ಈ ವಾದದಲ್ಲಿ ದೋಷವೆಲ್ಲಿದೆಯೆಂದು ಹಲವು ದಿಕ್ಕಿನಿಂದ ಪರೀಕ್ಷಿಸಿ ನೋಡಿದೆ. ಸಿಕ್ಕಲಿಲ್ಲ. ಮರುದಿನ ಲ್ಯಾಬಿಗೆ ಹೊರಟಾಗ, ಬಾಗಿಲ ಹೊರಗಿನ ಕುರ್ಚಿಗಿರಲಿ ಎಂದು ಮನೆಯಿಂದ ಒಂದು ಮೆತ್ತನೆಯ ದಿಂಬು ಒಯ್ದೆ.