ಗಡಿ ದಾಟಲು ಅತ್ತೆಗೊಂದು ಪಾಠ

ಯೂನಿಫಾರ್ಮ್ ಹಾಕಿದವರನ್ನು ಕಂಡರೆ ನನಗೆ ಬೆವರು ಕಿತ್ತುಕೊಂಡು ಬರುತ್ತದೆ. ಇದು ತಪ್ಪು ಮಾಡಿದವರ ಬೆವರಲ್ಲ, ಏನೂ ಮಾಡದವನ ಬೆವರು. ಅದಕ್ಕೇ ನೋಡುವವರಿಗೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ. ಚಿಕ್ಕವನಾಗಿದ್ದಾಗ ಮೈಸೂರಿನ ಸಿಟಿ ಬಸ್ಸಿಗೆ ಚೆಕಿಂಗ್‌ನವರು ಹತ್ತಿದರೆ, ಟಿಕೆಟ್ ಕೈಯಲ್ಲೇ ಇದ್ದರೂ ನಾನು ಸೀಟಿನ ಕೆಳಗೆ ಹುಡುಕುತ್ತಿದ್ದೆ. ಈಗಲೂ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಾವಿರುವ ಬಡಾವಣೆ ರಾಂಚೊ ಬರ್ನಾರ್ಡೊದ ಯಾವುದಾದರೂ ಅಂಗಡಿಯಿಂದ ಏನೂ ಕೊಳ್ಳದೆ ಹೊರಬರಬೇಕಾದರೆ, ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವನಿಗೆ ಎರಡೂ ಅಂಗೈ ಕಾಣುವಂತೆ ನಡೆಯುತ್ತೇನೆ. ಇಂಥವನು ಗಡಿ ದಾಟಿ ಮೆಕ್ಸಿಕೋದ ಕಡಲತೀರದಲ್ಲಿ ಚಳಿಗಾಲ ಕಳೆದು ಬಂದ ಎಂದರೆ ಅದು ಅವನ ಸ್ವಂತ ನಿರ್ಧಾರ ಆಗಿರಲಿಕ್ಕಿಲ್ಲ ಎಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿರ್ಧಾರ ನನ್ನ ಹೆಂಡತಿ ವೀಣಾಳದ್ದು. ಸ್ಯಾನ್ ಡಿಯಾಗೋದಲ್ಲಿ ಚಳಿಯೇ ಇಲ್ಲ, ಇಲ್ಲದ ಚಳಿಯಿಂದ ತಪ್ಪಿಸಿಕೊಳ್ಳಲು ಬೇರೆ ದೇಶಕ್ಕೆ ಯಾಕೆ ಹೋಗಬೇಕು ಎಂದು ವಾದಿಸಿ ನೋಡಿದೆ. "ಚಳಿಗೆ ಅಲ್ಲರೀ. ಇಬ್ಬರೂ ಮನೆಯಿಂದಲೇ ಕೆಲಸ ಮಾಡ್ತೀವಿ. ಅದೇ ಗೋಡೆ, ಅದೇ ನಿಮ್ಮ ಮುಖ. ಗೋಡೆನಾದರೂ ಬದಲಾಗಲಿ" ಎಂದಳು. ಮಗಳು ತನ್ವಿಗೆ ಇನ್ನೂ ಶಾಲೆ ಶುರುವಾಗಿರಲಿಲ್ಲ, ಇಬ್ಬರ ಮ್ಯಾನೇಜರುಗಳೂ ಒಪ್ಪಿದರು. ಮೆಕ್ಸಿಕೋದ ಎನ್ಸೆನಾಡಾ ಪಟ್ಟಣಕ್ಕಿಂತ ಸ್ವಲ್ಪ ಈಚೆ, ಕಡಲತೀರದ ಒಂದು ಸಣ್ಣ ಊರಿನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಮನೆ ಹಿಡಿದೆವು. ಆಗ ನಮ್ಮ ಜೊತೆಗಿದ್ದವರು ಧಾರವಾಡದಿಂದ ಬಂದಿದ್ದ ಅತ್ತೆ. ವೀಣಾಳ ತಂಗಿ ಶುಭಾ ಸ್ಯಾನ್ ಡಿಯಾಗೋದಿಂದ ಎರಡು ಗಂಟೆ ದೂರದ ಲಾಂಗ್ ಬೀಚಿನಲ್ಲಿದ್ದಾಳೆ. ಅವಳಿಗೆ ಫೆಬ್ರವರಿ ಕೊನೆಗೆ ಹೆರಿಗೆ. ಬಾಣಂತನ ಮಾಡಲು ಬಂದ ಅತ್ತೆ, "ಅಲ್ಲೀತನಕಾ ಸುಮ್ಮನ ಕೂತು ಏನು ಮಾಡ್ಲಿ, ನಾನೂ ಸಮುದ್ರ ನೋಡಿ ಬರ್ತೀನಿ" ಎಂದು ಹೊರಟೇಬಿಟ್ಟರು.

ಹೋಗುವಾಗ ತೊಂದರೆ ಆಗಲಿಲ್ಲ. ಊರೂ ಚೆನ್ನಾಗಿತ್ತು. ಬೆಳಿಗ್ಗೆ ಎದ್ದರೆ ಅಂಗಳದ ಮುಂದೆ ಪೆಲಿಕನ್‌ಗಳು ಸಾಲಾಗಿ ಹಾರುತ್ತಿದ್ದವು. ಅಕ್ಕಪಕ್ಕದಲ್ಲಿ ಚಳಿಗಾಲಕ್ಕೆಂದೇ ಬರುವ ಅಮೆರಿಕದ ನಿವೃತ್ತರು, ಹಗಲೆಲ್ಲ ಚಡ್ಡಿ ಹಾಕಿಕೊಂಡು ತಮ್ಮ ಆಪರೇಷನ್ನುಗಳ ಬಗ್ಗೆ ಮಾತಾಡುತ್ತ ಕೂರುತ್ತಿದ್ದರು. ಅತ್ತೆ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಹಿಂದಿನ ಮನೆಯ ಲೂಪೆ ಎಂಬಾಕೆ ಬೇಲಿ ಹತ್ತಿರ ಬಂದು ನಿಂತವಳು, ಮಾರನೆಯ ದಿನದಿಂದ ನಮ್ಮ ಅಡುಗೆಮನೆಯಲ್ಲೇ ಇರತೊಡಗಿದಳು. ಆಕೆಯದು ಸ್ಪ್ಯಾನಿಷ್, ಅತ್ತೆಯದು ಧಾರವಾಡ ಕನ್ನಡ. ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು. ಅತ್ತೆ ನಿಜಕ್ಕೂ ಖುಷಿಯಾಗಿದ್ದರು, ಅದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು. ಆ ಖುಷಿಗೆ ಕಲ್ಲು ಹಾಕಿದವನು ನನ್ನ ಗೆಳೆಯ ಮೂರ್ತಿ.

ಮೂರ್ತಿ ಇರುವುದು ರಾಂಚೊ ಬರ್ನಾರ್ಡೊದಲ್ಲೇ. ವೀಸಾ ವಿಷಯದಲ್ಲಿ ನಮ್ಮ ಬಳಗಕ್ಕೆಲ್ಲ ಅವನ ಮಾತೇ ಕೊನೆ. ವಕೀಲನಲ್ಲ, ಆದರೆ ವಕೀಲರಿಗಿಂತ ಜೋರಾಗಿ ಮಾತಾಡುತ್ತಾನೆ. ಒಂದು ದಿನ ಫೋನಿನಲ್ಲಿ ಹೇಳಿದ. "ಅಲ್ಲ ಮಾರಾಯ, ಟೂರಿಸ್ಟ್ ವೀಸಾದವರನ್ನ ಗಡಿ ದಾಟಿಸಿ ಕರ್ಕೊಂಡು ಹೋಗಿದೀಯಲ್ಲ, ವಾಪಸ್ ಬರೋವಾಗ ಬಿಡಬೇಕೋ ಬೇಡವೋ ಅನ್ನೋದು ಅಲ್ಲಿ ಕೂತಿರೋ ಆಫೀಸರ್ ಇಷ್ಟ. ನಿಮ್ಮತ್ತೆ ಏನಾದ್ರೂ ಬಾಣಂತನ, ಮಗು ನೋಡ್ಕೊಳ್ಳೋದು ಅಂತ ಬಾಯಿ ಬಿಟ್ರೋ, ಮುಗೀತು. ಅದನ್ನ ಕೆಲಸ ಅಂತಾರೆ. ಮನೆಗೆಲಸಕ್ಕೆ ಬಂದಿದಾರೆ ಅಂತ ತಿಳ್ಕೊಂಡು ಅಲ್ಲಿಂದಲೇ ಊರಿಗೆ ಕಳಿಸ್ತಾರೆ."

ಅಂದಿನಿಂದ ನನಗೆ ಊಟ ಸೇರಲಿಲ್ಲ. ಅದಕ್ಕೆ ಕಾರಣ ಇತ್ತು. ತನ್ವಿ ಹುಟ್ಟಿದ್ದು ಎರಡು ಸಾವಿರದ ಇಪ್ಪತ್ತರ ಲಾಕ್‌ಡೌನಿನಲ್ಲಿ. ಅತ್ತೆಯ ಟಿಕೆಟ್ ಆಗಿತ್ತು, ವಿಮಾನಗಳೇ ನಿಂತುಹೋದವು. ವೀಣಾಳ ಬಾಣಂತನ ಮಾಡಿದವನು ನಾನು. ಅತ್ತೆ ಧಾರವಾಡದಿಂದ ವೀಡಿಯೋ ಕಾಲಿನಲ್ಲಿ ಹೇಳಿದಂತೆ ಮೆಣಸಿನ ಸಾರು ಮಾಡುತ್ತಿದ್ದೆ. ಮಗುವಿಗೆ ಎಣ್ಣೆ ಹಚ್ಚುವಾಗ ಕೂಸಿಗಿಂತ ಹೆಚ್ಚು ನಾನೇ ಅಳುತ್ತಿದ್ದೆ. ವೀಣಾ ಒಂದು ದಿನವೂ ದೂರಲಿಲ್ಲ. ಆದರೆ ಒಮ್ಮೆ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟು "ಅವ್ವಾ" ಎಂದು ಅತ್ತದ್ದು ನನಗೆ ಕೇಳಿಸಿತ್ತು. ಶುಭಾ ಬಸುರಿ ಎಂದು ತಿಳಿದ ದಿನ ವೀಣಾ ಹೇಳಿದ್ದು ಒಂದೇ ಮಾತು. "ನನಗಾದ ಹಾಗೆ ಅವಳಿಗೆ ಆಗಬಾರದು." ಶುಭಾಳ ಗಂಡ ಅಲ್ಲೇ ಹತ್ತಿರದ ಎಲ್ ಸೆಗುಂಡೋದಲ್ಲಿ ಉಪಗ್ರಹಗಳನ್ನು ಆಕಾಶಕ್ಕೆ ಕಳಿಸುವ ಕೆಲಸದಲ್ಲಿದ್ದಾನೆ, ಒಲೆಯ ಮೇಲಿಟ್ಟ ಹಾಲನ್ನು ಉಕ್ಕದಂತೆ ಇಳಿಸಲು ಮಾತ್ರ ಬರುವುದಿಲ್ಲ. ಅತ್ತೆ ಗಡಿಯಲ್ಲಿ ಸಿಕ್ಕಿಕೊಂಡರೆ ಅಕ್ಕ ತಂಗಿ ಇಬ್ಬರೂ ನನ್ನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದು ಗೊತ್ತಿತ್ತು.

ಹಾಗಾಗಿ ದಿನಾ ಸಂಜೆ ಪಾಠ ಶುರು ಮಾಡಿದೆ. ಸೂರ್ಯ ಮುಳುಗುವುದನ್ನು ನೋಡಲು ಬಾಡಿಗೆ ಕೊಟ್ಟು ಬಂದ ಜಾಗದಲ್ಲಿ, ಸೂರ್ಯನಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು ನಾನು ಆಫೀಸರ್ ಆಗುತ್ತಿದ್ದೆ.

"ವೈ ಆರ್ ಯು ಕಮಿಂಗ್ ಟು ಅಮೆರಿಕ?"

"ಬಾಣಂತನಕ್ಕ."

"ಅತ್ತೆ, ಅದನ್ನ ಹೇಳಲೇಬಾರದು. ಮಗಳನ್ನ ನೋಡೋಕೆ ಬಂದಿದೀನಿ, ಇಲ್ಲಿ ಯಾವ ಕೆಲಸನೂ ಮಾಡೋದಿಲ್ಲ, ಧಾರವಾಡದಲ್ಲಿ ಸ್ವಂತ ಮನೆ ಇದೆ, ಖಂಡಿತ ವಾಪಸ್ ಹೋಗ್ತೀನಿ. ಇಷ್ಟೇ ಹೇಳಿ."

"ಅಲ್ಲರೀ ಅಳಿಯಂದಿರ, ಹೆತ್ತ ಮಗಳ ಬಾಣಂತನಕ್ಕ ಬಂದೀನಿ ಅಂತ ಹೇಳ್ಲಿಕ್ಕೆ ನಾಚಿಕಿ ಯಾಕ? ನಾನೇನು ಕಳವು ಮಾಡ್ಲಿಕ್ಕೆ ಬಂದೀನೇನು? ಕೆಲಸ ಮಾಡೂದಿಲ್ಲ ಅಂತ ಸುಳ್ಳು ಹ್ಯಾಂಗ ಹೇಳ್ಲಿ? ನೀವು ತಿಂದ ರೊಟ್ಟಿ ಯಾರು ಬಡದದ್ದು?"

"ಅಪ್ಪಾ, ಸ್ಟಾಪ್ ಸ್ಕೇರಿಂಗ್ ಅಜ್ಜಿ" ಎಂದು ತನ್ವಿ ಮರಳಿನಿಂದಲೇ ಗದರುತ್ತಿದ್ದಳು. ಅಜ್ಜಿ ಹೆದರಿರಲಿಲ್ಲ. ಹೆದರಿದ್ದವನು ನಾನು. ಆ ನಾಲ್ಕು ವಾಕ್ಯಗಳನ್ನು ಅತ್ತೆ ಕಲಿಯಲಿ ಎಂದು ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ಜೋರಾಗಿ ಹೇಳಿಕೊಂಡು ಓಡಾಡಿದೆ. ವೀಣಾ ಹಣೆ ಚಚ್ಚಿಕೊಂಡಳು. ಲೂಪೆ ನಾನು ಏನೋ ಹರಕೆಯ ಪ್ರಾರ್ಥನೆ ಹೇಳುತ್ತಿದ್ದೇನೆಂದು ತಿಳಿದು, ನಾನು ಎದುರಾದಾಗಲೆಲ್ಲ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು.

ಫೆಬ್ರವರಿಯಲ್ಲಿ ಹೊರಟೆವು. ಟಿಹುವಾನಾದ ಗಡಿಯಲ್ಲಿ ಕಾರುಗಳ ಸಾಲು ಕಣ್ಣಿಗೆ ಕಾಣುವಷ್ಟೂ ದೂರ ನಿಂತಿತ್ತು. ಕಾರುಗಳ ಮಧ್ಯೆ ಕಂಬಳಿ, ಮಣ್ಣಿನ ಗೊಂಬೆ, ಸಕ್ಕರೆ ಉದುರಿಸಿದ ಕರಿದ ತಿಂಡಿ ಮಾರುತ್ತಿದ್ದರು. ಅತ್ತೆ ತಿಂಡಿ ಕೊಂಡು ತನ್ವಿಯ ಜೊತೆ ತಿನ್ನುತ್ತ, "ಛಲೋ ಅದ, ಎಣ್ಣಿ ಸ್ವಲ್ಪ ಹಳೇದು" ಎಂದು ವಿಮರ್ಶೆ ಮಾಡುತ್ತಿದ್ದರು. ಅಷ್ಟರಲ್ಲಿ ಶುಭಾಳ ಫೋನು. ಬೆಳಿಗ್ಗೆಯಿಂದ ಸೊಂಟ ನೋವಂತೆ, ಡಾಕ್ಟರು ಯಾವಾಗಲಾದರೂ ಆಗಬಹುದು ಎಂದಿದ್ದಾರಂತೆ. "ಅವ್ವ ಎಲ್ಲಿದಾಳ?" ಎಂದು ಕೇಳಿದಳು. ವೀಣಾ ನನ್ನ ಕಡೆ ನೋಡಿದಳು. ಕಾರು ಒಂದೊಂದೇ ಮುಂದೆ ಸರಿದು, ಕೊನೆಗೆ ನಮ್ಮ ಸರದಿ ಬಂತು.

ಗೂಡಿನಲ್ಲಿದ್ದ ಆಫೀಸರ್ ನಮ್ಮೆಲ್ಲರ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು ಮೊದಲು ನನ್ನನ್ನೇ ಕೇಳಿದ. ಮೆಕ್ಸಿಕೋದಲ್ಲಿ ಏನು ಮಾಡುತ್ತಿದ್ದಿರಿ? ಸುಲಭದ ಪ್ರಶ್ನೆ. ನನ್ನ ಬಾಯಿ ತೆರೆಯಿತು. "ನಾನು ಮಗಳನ್ನು ನೋಡಲು ಬಂದಿದ್ದೇನೆ. ಇಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಧಾರವಾಡದಲ್ಲಿ ಸ್ವಂತ ಮನೆ ಇದೆ. ಖಂಡಿತ ವಾಪಸ್ ಹೋಗುತ್ತೇನೆ" ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಿತು.

ಆಫೀಸರ್ ನನ್ನ ಗ್ರೀನ್ ಕಾರ್ಡ್ ನೋಡಿದ, ಹಿಂದಿನ ಸೀಟಿನಲ್ಲಿ ಸಕ್ಕರೆ ನೆಕ್ಕುತ್ತಿದ್ದ ನನ್ನ ಮಗಳನ್ನು ನೋಡಿದ, ನನ್ನ ಹಣೆಯ ಬೆವರನ್ನು ನೋಡಿದ. ಕಾರನ್ನು ಪಕ್ಕಕ್ಕೆ ತೆಗೆದುಕೊಂಡು ಒಳಗೆ ಹೋಗಿ ಎಂದು ಕೈ ತೋರಿಸಿದ.

ಒಳಗೆ ಬೆಂಚುಗಳ ಒಂದು ಕೋಣೆ. ಗಂಟು ಕಟ್ಟಿದ ಕೂದಲಿನ, ಮಧ್ಯವಯಸ್ಸಿನ ಆಫೀಸರಮ್ಮ ನಮ್ಮನ್ನು ಕರೆದಳು. ನಾನು ವಿವರಿಸಲು ಹೋದೆ, ಬಿಕ್ಕಳಿಕೆ ಶುರುವಾಯಿತು. ಆಕೆ ನನ್ನನ್ನು ಬಿಟ್ಟು ಅತ್ತೆಯನ್ನು ಕೇಳಿದಳು. ಅಮೆರಿಕದಲ್ಲಿ ನಿಮಗೇನು ಕೆಲಸ? ವೀಣಾ ಅನುವಾದ ಮಾಡಿದಳು. ಅತ್ತೆ ಸೆರಗು ಸರಿಮಾಡಿಕೊಂಡು, "ಸಣ್ಣ ಮಗಳ ಬಾಣಂತನಕ್ಕ ಬಂದೀನಿ. ಆಕಿಗೆ ಬ್ಯಾನಿ ಸುರು ಆಗ್ಯಾವ, ಲಗೂನ ಬಿಡ್ರಿ" ಎಂದರು. ವೀಣಾ ಅನುವಾದ ಮಾಡದೆ ನನ್ನ ಕಡೆ ತಿರುಗಿದಳು. ನಾನು ಕಣ್ಣು ಮುಚ್ಚಿದೆ. ತನ್ವಿ ಮಾತ್ರ ಮೇಜಿನ ಅಂಚು ಹಿಡಿದು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಶುಭಾ ಚಿಕ್ಕಿಗೆ ಪಾಪು ಬರುತ್ತೆ. ಅಜ್ಜಿ ಪಾಪುಗೆ ಎಣ್ಣೆ ಹಚ್ಚುತ್ತಾಳೆ, ಪಾಪು ಅಳುತ್ತೆ. ಚಿಕ್ಕಿ ತಣ್ಣೀರು ಕುಡಿದರೆ ಅಜ್ಜಿ ಬೈತಾಳೆ.

ಆಫೀಸರಮ್ಮ ಪೆನ್ನು ಕೆಳಗಿಟ್ಟಳು. "ತಣ್ಣೀರು ಕೊಡುವುದಿಲ್ಲವೇ? ನನಗೆ ಹೆರಿಗೆಯಾದಾಗ ನನ್ನ ಮೆಕ್ಸಿಕನ್ ಅಜ್ಜಿಯೂ ನಲವತ್ತು ದಿನ ಕೊಟ್ಟಿರಲಿಲ್ಲ. ಬೇಸಿಗೆಯಲ್ಲೂ ತಲೆಗೆ ಬಟ್ಟೆ ಕಟ್ಟಿಸಿದ್ದಳು" ಎಂದಳು. ವೀಣಾ ಅದನ್ನು ಹೇಳಿದಾಗ ಅತ್ತೆ, "ಈಕಿ ಅಜ್ಜಿ ಭಾಳ ಶಾಣ್ಯಾ ಹೆಂಗಸು" ಎಂದು ತೀರ್ಪು ಕೊಟ್ಟರು. ಅತ್ತೆಯ ಪಾಸ್‌ಪೋರ್ಟಿನ ಮೇಲೆ ಮುದ್ರೆ ಬಿತ್ತು. ವೀಣಾ ತಾಯಿಯ ತೋಳು ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟಳು. ನನ್ನ ಬಿಕ್ಕಳಿಕೆ ಮಾತ್ರ ನಿಲ್ಲಲಿಲ್ಲ.

ಆಫೀಸರಮ್ಮ ಈಗ ನನ್ನ ಕಡೆ ತಿರುಗಿದಳು. ಸ್ವಲ್ಪ ಹೊತ್ತು ನೋಡಿ, ನನ್ನನ್ನು ಕೇಳಿ ಪ್ರಯೋಜನವಿಲ್ಲ ಎನಿಸಿರಬೇಕು, ಅತ್ತೆಯನ್ನೇ ಕೇಳಿದಳು. ಇವರು ನಿಮಗೆ ಏನಾಗಬೇಕು?

ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. "ನಮ್ಮ ಅಳಿಯಂದಿರು. ಮನುಷ್ಯಾ ಭಾಳ ಛಲೋ ಇದ್ದಾರ. ಸ್ವಲ್ಪ ಅಂಜುಬುರುಕರು, ಅಷ್ಟ. ಅವರನ್ನೂ ಬಿಟ್ಟುಬಿಡ್ರಿ."

ಇಷ್ಟು ವರ್ಷ ಈ ದೇಶದಲ್ಲಿ ತೆರಿಗೆ ಕಟ್ಟಿ, ಮನೆ ಸಾಲ ಹೊತ್ತು, ಗ್ರೀನ್ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ತಿರುಗಿದ ನಾನು ಆ ದಿನ ಅಮೆರಿಕದೊಳಗೆ ಕಾಲಿಟ್ಟಿದ್ದು, ಟೂರಿಸ್ಟ್ ವೀಸಾದಲ್ಲಿ ಬಂದ ಅತ್ತೆಯ ಜಾಮೀನಿನ ಮೇಲೆ.